ಮೋಟಾರು ಗಾಡಿಯ ಸ್ಟಾರ್ಟರು



ಸಂಜೆ ಮನೆಗೆ ಬಂದೊಡನೆ ಗಾಡಿಯನ್ನು ಇಳಿಜಾರಿಗೆ ಮುಖಮಾಡಿ ನಿಲ್ಲಿಸುವ ರೂಢಿ ಮಲೆನಾಡಿನವರಿಗೆ ಹೊಸದಲ್ಲ. ಸ್ಟಾರ್ಟರು ಕೈಕೊಟ್ಟರೆ ಬೆಳಿಗ್ಗೆ ಗಾಡಿಯನ್ನು ಉರುಳಿಸಿ ಗೇರಿಗೆ ಹಾಕಬಹುದೆಂಬುದೇ ಇದರ ಗುಟ್ಟು. ಆದರೆ ಎಂಜಿನು ನಿಂತಿರುವಾಗ ಬ್ರೇಕಿಗೆ ಅದರ ನೆರವು ದೊರೆಯುವುದಿಲ್ಲ. ಒಂದೆರಡು ಸಲ ತುಳಿಯುವುದರೊಳಗೆ ಅದು ಕಲ್ಲಿನಂತಾಗುತ್ತದೆ. ಜಡಿಮಳೆಯ ರಾತ್ರಿ, ರೋಗಿಯನ್ನು ಹಿಂದೆ ಮಲಗಿಸಿಕೊಂಡು, ಹೊಂಗಡಹಳ್ಳದಂತಹ ಊರಿನಿಂದ ಸಕಲೇಶಪುರಕ್ಕೆ ಹೊರಡಬೇಕಾದವನು ಈ ಉಪಾಯವನ್ನು ನೆಚ್ಚತಕ್ಕದ್ದಲ್ಲ. ಆದುದರಿಂದ ಸ್ಟಾರ್ಟರನ್ನು ಪರೀಕ್ಷಿಸಿ ಬದಲಿಸುವ ಕ್ರಮವನ್ನು ಮನೆಯವರೇ ಅರಿತಿರುವುದು ಒಳ್ಳೆಯದು.

ಮೊದಲ ಕಾಲದ ಗಾಡಿಗಳಲ್ಲಿ ಎಂಜಿನನ್ನು ಕೈಯಿಂದಲೇ ಹ್ಯಾಂಡಲು ಹೊಡೆದು ತಿರುಗಿಸಬೇಕಾಗಿದ್ದಿತು. ಎಂಜಿನು ಹಿಂದಕ್ಕೆ ಒದೆದರೆ ಮಣಿಕಟ್ಟು ಮುರಿಯುತ್ತಿದ್ದಿತು. ಹೆಬ್ಬೆರಳನ್ನು ಹಿಡಿಯ ಸುತ್ತ ಬಳಸದೆ ಉಳಿದ ಬೆರಳುಗಳ ಪಕ್ಕದಲ್ಲಿಯೇ ಇಡಬೇಕೆಂದು ಅನುಭವಿಗಳು ಹೇಳುತ್ತಿದ್ದುದು ಇದಕ್ಕಾಗಿಯೇ. ಅಮೆರಿಕದ ಚಾರ್ಲ್ಸ್ ಕೆಟರಿಂಗ್ ರೂಪಿಸಿದ ವಿದ್ಯುತ್ ಸ್ಟಾರ್ಟರು 1912ರ ಮಾದರಿಯ ಕ್ಯಾಡಿಲ್ಯಾಕ್ ಗಾಡಿಗಳಲ್ಲಿ ಬಂದಿತು. ಈ ಯಂತ್ರವು ಕೆಲವೇ ಕ್ಷಣ ದುಡಿದರೆ ಸಾಕು. ಆದುದರಿಂದ ಚಿಕ್ಕ ಮೋಟಾರಿನ ಮೇಲೆ ಅದರ ಶಕ್ತಿಗೆ ಮೀರಿದ ಹೊರೆಯನ್ನು ಹೇರಬಹುದು ಎಂಬುದೇ ಅವನ ಯುಕ್ತಿ. ಇಂದಿಗೂ ಒಂದೇ ಸಮನೆ ಹತ್ತು ಸೆಕೆಂಡಿಗಿಂತ ಹೆಚ್ಚು ಕಾಲ ಸ್ಟಾರ್ಟರನ್ನು ತಿರುಗಿಸಬಾರದೆಂಬ ನಿಯಮಕ್ಕೆ ಇದೇ ಕಾರಣ. ಮೀರಿದರೆ ಸುರುಳಿ ಸುಡುತ್ತದೆ.

ಅದರ ಕೆಲಸ ಹೀಗೆ. ಬೀಗದ ಕೈ ತಿರುಗಿಸಿದೊಡನೆ ಸಣ್ಣ ತಂತಿಯ ಮೂಲಕ ಸೊಲೆನಾಯ್ಡ್ ಎಂಬ ವಿದ್ಯುತ್ಕಾಂತಕ್ಕೆ ವಿದ್ಯುತ್ತು ಹರಿಯುತ್ತದೆ. ಅದು ಪುಟ್ಟ ಹಲ್ಲುಗಾಲಿಯೊಂದನ್ನು ಮುಂದೂಡಿ ಎಂಜಿನಿನ ದೊಡ್ಡ ಹಲ್ಲುಗಾಲಿಗೆ ಕಚ್ಚಿಸುತ್ತದೆ. ಜೊತೆಗೇ ದಪ್ಪ ಕೇಬಲಿನ ದಾರಿಯನ್ನು ತೆರೆಯುತ್ತದೆ. ಆಗ ನೂರಕ್ಕೂ ಮಿಕ್ಕಿ ಆಂಪಿಯರ್ ವಿದ್ಯುತ್ತು ಬ್ಯಾಟರಿಯಿಂದ ಹೊರಟು, ಸ್ಟಾರ್ಟರನ್ನು ತಿರುಗಿಸಿ, ಎಂಜಿನಿನ ಲೋಹದ ಮೈಯ ಮೂಲಕವೇ ಹಿಂತಿರುಗುತ್ತದೆ. ಇಷ್ಟು ದೊಡ್ಡ ಪ್ರವಾಹಕ್ಕೆ ದಾರಿಯಲ್ಲಿ ಚೂರು ಕಿಲುಬಿದ್ದರೂ ಅದು ಅಡ್ಡಗಟ್ಟೆಯೇ ಸರಿ.

ಇಲ್ಲಿಯೇ ಹೊಸಬರು ಎಡವುವುದು. ಗಾಡಿ ಹೊರಡದಿದ್ದರೆ ಸ್ಟಾರ್ಟರಿನ ಮೇಲೆ ತಪ್ಪು ಹೊರಿಸಿ, ಹೊಸದನ್ನು ಕೊಂಡುತಂದು ಕೂರಿಸುತ್ತಾರೆ. ಆಗಲೂ ಗಾಡಿ ಹೊರಡುವುದಿಲ್ಲ. ಮಳೆಯ ಸೀಮೆಯಲ್ಲಿ ಮೊದಲು ಸಂಶಯಪಡಬೇಕಾದುದು ಬ್ಯಾಟರಿಯ ತುದಿಗಳನ್ನೂ, ಮೈಗೆ ಬಿಗಿದ ಅರ್ತಿನ ಕೇಬಲನ್ನೂ.

ದೀಪವನ್ನು ಹೊತ್ತಿಸಿ ಕೀಲಿ ತಿರುಗಿಸಿರಿ. ದೀಪವು ಬಹಳ ಮಂಕಾದರೆ, ಅಥವಾ ಟಕಟಕನೆ ಬಡಿದ ಸದ್ದು ಕೇಳಿದರೆ, ಬ್ಯಾಟರಿಯಲ್ಲೋ ಕೀಲುಗಳಲ್ಲೋ ದೋಷವಿರುವ ಸಂಭವ ಹೆಚ್ಚು. ದೀಪ ಮಂಕಾಗದೆ ಒಂದೇ ಸಲ ಟಕ್ಕೆಂದು ಸುಮ್ಮನಾದರೆ ಸೊಲೆನಾಯ್ಡನ್ನೂ ಸ್ಟಾರ್ಟರಿನ ಒಳಗಿನ ಬ್ರಶ್ಶುಗಳನ್ನೂ ಶಂಕಿಸಬೇಕು. ಸ್ಟಾರ್ಟರು ಬರಿದೇ ಗಿರ್ರೆಂದು ಸುತ್ತಿ ಎಂಜಿನು ಅಲುಗದಿದ್ದರೆ ಹಲ್ಲುಗಾಲಿ ಕಚ್ಚುತ್ತಿಲ್ಲವೆಂದು ಅರ್ಥ. ವೋಲ್ಟ್ ಮೀಟರು ಇದ್ದರೆ ಇನ್ನೂ ಲೇಸು. ಸುಸ್ಥಿತಿಯ ಬ್ಯಾಟರಿ ವಿರಾಮದಲ್ಲಿ ಸುಮಾರು 12.6 ವೋಲ್ಟ್ ತೋರಿಸುತ್ತದೆ. ಬ್ಯಾಟರಿಯ ಋಣ ತುದಿಗೂ ಎಂಜಿನಿನ ಮೈಗೂ ಮೀಟರನ್ನು ಮುಟ್ಟಿಸಿ ಮತ್ತೊಬ್ಬರಿಂದ ಕೀಲಿ ತಿರುಗಿಸಿರಿ. ಅರ್ಧ ವೋಲ್ಟಿಗಿಂತ ಹೆಚ್ಚು ಕಂಡರೆ ದೋಷವು ಅರ್ತಿನಲ್ಲಿದೆ. ಅದನ್ನು ತಂತಿಯ ಬ್ರಶ್ಶಿನಿಂದ ಉಜ್ಜಿ ಬಿಗಿದರೆ ಖರ್ಚಿಲ್ಲದೆ ಕೆಲಸ ಮುಗಿಯಬಹುದು.

ಸ್ಟಾರ್ಟರೇ ಕೆಟ್ಟಿದೆಯೆಂದು ನಿಶ್ಚಯವಾದ ಮೇಲೆ ಬಿಚ್ಚುವ ಮಾತು. ಗಾಡಿ ಸಮನೆಲದ ಮೇಲಿರಲಿ; ಕೈಬ್ರೇಕು ಎಳೆದು ಚಕ್ರಗಳಿಗೆ ಕಲ್ಲು ಕೊಡಿರಿ. ಕೆಳಗೆ ನುಸುಳಬೇಕಾದರೆ ಜಾಕೊಂದನ್ನೇ ನಂಬಿ ಮಲಗಬಾರದು. ಗಟ್ಟಿಯಾದ ಸ್ಟ್ಯಾಂಡು ಕೊಟ್ಟಿರಲೇಬೇಕು. ಮಳೆಗೆ ನೆನೆದ ಮಣ್ಣು ಜಾಕಿನಡಿ ಕುಸಿಯುತ್ತದೆ. ಉಂಗುರ, ಗಡಿಯಾರಗಳನ್ನು ತೆಗೆದಿಟ್ಟು, ಎಲ್ಲಕ್ಕಿಂತ ಮೊದಲು ಬ್ಯಾಟರಿಯ ಋಣ ತುದಿಯನ್ನು ಕಳಚಿರಿ. ಸ್ಟಾರ್ಟರಿಗೆ ಬರುವ ದಪ್ಪ ಕೇಬಲಿನಲ್ಲಿ ಕೀಲಿ ತೆಗೆದಿದ್ದರೂ ವಿದ್ಯುತ್ತು ಇದ್ದೇ ಇರುತ್ತದೆ. ಸ್ಪ್ಯಾನರಿನ ಒಂದು ತುದಿ ಅದನ್ನೂ ಮತ್ತೊಂದು ತುದಿ ಗಾಡಿಯ ಮೈಯನ್ನೂ ಮುಟ್ಟಿದರೆ ಕಬ್ಬಿಣವೂ ಕೆಂಪಗೆ ಕಾಯುತ್ತದೆ.

ಬಳಿಕ ತಂತಿಗಳ ಸ್ಥಾನವನ್ನು ಬರೆದಿಟ್ಟುಕೊಂಡು ಬಿಚ್ಚಿರಿ. ಸ್ಟಾರ್ಟರನ್ನು ಹಿಡಿದಿರುವುದು ಸಾಮಾನ್ಯವಾಗಿ ಎರಡು ಅಥವಾ ಮೂರು ಬೋಲ್ಟುಗಳು. ಕಡೆಯ ಬೋಲ್ಟನ್ನು ಬಿಡಿಸುವಾಗ ಕೈಯಾಸರೆ ಇರಲಿ. ಅದರ ತೂಕ ಮೂರು ನಾಲ್ಕು ಕಿಲೋಗ್ರಾಂ, ಹಳೆಯ ಡೀಸೆಲ್ ಜೀಪುಗಳದು ಇನ್ನೂ ಹೆಚ್ಚು. ನಡುವೆ ತೆಳು ತಗಡುಗಳಿದ್ದರೆ ಜೋಪಾನವಾಗಿ ತೆಗೆದಿಡಿರಿ. ತೆರೆದ ಕಿಂಡಿಯಲ್ಲಿ ಕೈದೀಪ ಹಿಡಿದು ದೊಡ್ಡ ಗಾಲಿಯ ಹಲ್ಲುಗಳು ಸವೆದಿವೆಯೇ ನೋಡಿರಿ. ಸವೆದಿದ್ದರೆ ಹೊಸ ಸ್ಟಾರ್ಟರೂ ಬಹುದಿನ ಬಾಳದು.

ಹಳೆಯದನ್ನೂ ಹೊಸದನ್ನೂ ಪಕ್ಕದಲ್ಲಿಟ್ಟು ಹಲ್ಲುಗಳನ್ನು ಎಣಿಸಿರಿ, ಬೋಲ್ಟಿನ ತೂತುಗಳನ್ನು ಹೋಲಿಸಿರಿ. ಕೂರುವ ಲೋಹದ ಮುಖವನ್ನು ಬೆಳಗುವಂತೆ ಉಜ್ಜಿರಿ. ವಿದ್ಯುತ್ತು ಹಿಂತಿರುಗುವ ಹಾದಿ ಅದೇ ಅಲ್ಲವೆ? ಬೋಲ್ಟುಗಳನ್ನು ಮೊದಲು ಕೈಯಿಂದ ತಿರುವಿ, ಆಮೇಲೆ ಸ್ಪ್ಯಾನರಿನಿಂದ ಬಿಗಿಯಿರಿ. ಬ್ಯಾಟರಿಯ ಋಣ ತುದಿಯನ್ನು ಎಲ್ಲಕ್ಕಿಂತ ಕಡೆಗೆ ಸೇರಿಸಿರಿ. ಗೇರು ತಟಸ್ಥವಾಗಿದೆಯೆಂದು ನೋಡಿಕೊಂಡೇ ಕೀಲಿ ತಿರುಗಿಸಿರಿ.

ಒಂದು ಎಚ್ಚರಿಕೆ. ವಿದ್ಯುತ್ತಿನ ಬಲವನ್ನೂ ಸೇರಿಸಿಕೊಂಡು ಓಡುವ ಹೈಬ್ರಿಡ್ ಗಾಡಿಗಳ ಕಿತ್ತಳೆ ಬಣ್ಣದ ಕೇಬಲುಗಳಲ್ಲಿ ಪ್ರಾಣಾಂತಿಕವಾದ ವೋಲ್ಟೇಜು ಇರುತ್ತದೆ. ಅವುಗಳ ಗೋಜಿಗೆ ಹವ್ಯಾಸಿಗಳು ಹೋಗತಕ್ಕದ್ದಲ್ಲ.

ಮುಂಗಾರಿಗೆ ಮುನ್ನ ಮನೆಯ ಮಾಡನ್ನು ಸರಿಪಡಿಸುವಂತೆ, ಈ ಕೀಲುಗಳನ್ನೂ ಒಮ್ಮೆ ಉಜ್ಜಿ ಬಿಗಿಯುವುದನ್ನು ರೂಢಿ ಮಾಡಿಕೊಳ್ಳಬೇಕು. ಅರ್ಧ ಗಂಟೆಯ ಈ ಕೆಲಸ ನಡುರಾತ್ರಿಯ ಒಂದು ಪ್ರಯಾಣವನ್ನು ಉಳಿಸಿಕೊಟ್ಟೀತು.