ಎರಡೂವರೆ ಗುಲಗಂಜಿ ಮದ್ದು

2021ರ ಸೆಪ್ಟೆಂಬರ್ 23ರಂದು ಬೆಂಗಳೂರಿನ ಚಾಮರಾಜಪೇಟೆಯ ನ್ಯೂ ತರಗುಪೇಟೆಯಲ್ಲಿ, ವಿಶ್ವೇಶ್ವರಪುರಂ (ವಿ.ವಿ.ಪುರಂ) ಪೊಲೀಸ್ ಠಾಣೆಯ ಸರಹದ್ದಿನಲ್ಲಿ, ಒಂದು ಗೋದಾಮು ಸಿಡಿಯಿತು. ಜನ ಸತ್ತರು, ಅಕ್ಕಪಕ್ಕದ ಅಂಗಡಿಗಳು ಜಖಂಗೊಂಡವು. ಒಳಗಿದ್ದ ಪಟಾಕಿ ಪೆಟ್ಟಿಗೆಗಳೇ ಕಾರಣವೆಂದು ಪೊಲೀಸರು ಹೇಳಿದರು. ವಿಶ್ವೇಶ್ವರಪುರಂನಂಥ ಬಡಾವಣೆಯಲ್ಲಿ ಕೂತು ಕೋವಿ ಮದ್ದಿನ ಮಾತಾಡುವಾಗ ಇದನ್ನು ಮರೆಯುವಂತಿಲ್ಲ. ಇಲ್ಲಿ ಒಂದು ಮನೆಯ ಗೋಡೆಗೂ ಇನ್ನೊಂದು ಮನೆಯ ಗೋಡೆಗೂ ನಡುವೆ ಒಬ್ಬ ಮನುಷ್ಯ ಅಡ್ಡಡ್ಡ ನಡೆಯುವಷ್ಟೂ ಜಾಗವಿಲ್ಲ. ಆದರೆ ಅಮೆರಿಕದಲ್ಲಿ ಕೋವಿ ಹವ್ಯಾಸದವರು ಗ್ಯಾರೇಜಿನ ಮೇಜಿಗೆ ಒಂದು ಯಂತ್ರ ಬಿಗಿದು, ತಮಗೆ ಬೇಕಾದ ತೋಟಾಗಳನ್ನು ತಾವೇ ತುಂಬಿಕೊಳ್ಳುತ್ತಾರೆ. ಅದರ ವೀಡಿಯೊಗಳನ್ನು ಇಲ್ಲಿ ಕೂತೂ ನೋಡಬಹುದು. ನೋಡಿದವರಿಗೆ ಒಂದು ಪ್ರಶ್ನೆ ಏಳುವುದು ಸಹಜ: ಲೈಸೆನ್ಸ್ ಇದೆ, ಕೋವಿ ಇದೆ, ಯಂತ್ರ ಕೊಳ್ಳುವ ಶಕ್ತಿಯೂ ಇದೆ, ಹಾಗಿದ್ದ ಮೇಲೆ ನಮ್ಮಲ್ಲಿ ಯಾಕೆ ಕೂಡದು? ಕಾನೂನು ಬಿಡುವುದಿಲ್ಲ ಎನ್ನುವುದು ಅರ್ಧ ಉತ್ತರ. ಉಳಿದರ್ಧ ಆ ಯಂತ್ರದೊಳಗೇ ಇದೆ, ಅದನ್ನು ಬಿಚ್ಚಿ ನೋಡಬೇಕು.

ಒಂದು ತೋಟಾದಲ್ಲಿ ಇರುವುದು ನಾಲ್ಕೇ ಭಾಗ. ಹಿತ್ತಾಳೆಯ ಕವಚ, ಅದರ ತಳದಲ್ಲಿ ಕೇಪು, ಹೊಟ್ಟೆಯಲ್ಲಿ ಮದ್ದು, ಬಾಯಲ್ಲಿ ಗುಂಡು. ಕುದುರೆ ಎಳೆದರೆ ಕೇಪು ಕಿಡಿ ಕೊಡುತ್ತದೆ, ಮದ್ದು ಉರಿದು ಅನಿಲವಾಗುತ್ತದೆ, ಗುಂಡು ಹೊರಟುಹೋಗುತ್ತದೆ. ಉಳಿಯುವುದು ಕವಚ. ನಾಲ್ಕರಲ್ಲಿ ದುಬಾರಿ ಭಾಗವೂ ಅದೇ, ಮತ್ತೆ ಮತ್ತೆ ಬಳಸಲು ಬರುವುದೂ ಅದೇ. ಹಳೆಯ ಕೇಪು ಕಳಚಬೇಕು, ಉಬ್ಬಿದ ಹಿತ್ತಾಳೆಯನ್ನು ಅಚ್ಚಿಗೆ ಒತ್ತಿ ಮೊದಲಿನ ಅಳತೆಗೆ ತರಬೇಕು, ಹೊಸ ಕೇಪು ಕೂರಿಸಬೇಕು, ಬಾಯಿ ಸ್ವಲ್ಪ ಅರಳಿಸಿ ಮದ್ದು ಸುರಿಯಬೇಕು, ಗುಂಡು ಇಟ್ಟು ಬಾಯಿ ಬಿಗಿಯಬೇಕು. ಸಾದಾ ಪ್ರೆಸ್ಸಿನಲ್ಲಿ ಇವನ್ನು ಒಂದೊಂದಾಗಿ ಮಾಡುತ್ತಾರೆ. ಐವತ್ತು ಕವಚಕ್ಕೂ ಕೇಪು ಕಳಚಿ ಮುಗಿದ ಮೇಲೆ ಅಚ್ಚು ಬದಲಿಸಿ ಮುಂದಿನ ಕೆಲಸ. ಪ್ರೋಗ್ರೆಸಿವ್ ಪ್ರೆಸ್ಸಿನ ರೀತಿ ಬೇರೆ. ವಿ.ವಿ.ಪುರಂ ತಿಂಡಿ ಬೀದಿಯ ಹೋಳಿಗೆ ಅಂಗಡಿಯನ್ನು ನೆನೆಸಿಕೊಂಡರೆ ಸುಲಭವಾಗಿ ಹೊಳೆಯುತ್ತದೆ: ಒಬ್ಬರು ಕಣಕ ಹರಿಯುತ್ತಿರುತ್ತಾರೆ, ಪಕ್ಕದವರು ಹೂರಣ ತುಂಬುತ್ತಾರೆ, ಇನ್ನೊಬ್ಬರು ತಟ್ಟುತ್ತಾರೆ, ಕಾವಲಿಯ ಮೇಲೆ ಆಗಲೇ ಒಂದು ಬೇಯುತ್ತಿರುತ್ತದೆ. ಯಂತ್ರದಲ್ಲಿ ಈ ಎಲ್ಲರ ಕೆಲಸವೂ ಒಂದೇ ಹ್ಯಾಂಡಲ್ಲಿಗೆ ಸಿಕ್ಕಿಕೊಂಡಿದೆ. ದುಂಡನೆಯ ತಟ್ಟೆಯ ಸುತ್ತ ನಾಲ್ಕೋ ಐದೋ ಕವಚ ನಿಂತಿರುತ್ತವೆ, ಪ್ರತಿಯೊಂದರ ನೆತ್ತಿಯ ಮೇಲೂ ಬೇರೆ ಬೇರೆ ಅಚ್ಚು. ಹ್ಯಾಂಡಲ್ ಒಮ್ಮೆ ಎಳೆದರೆ ಅಷ್ಟೂ ಕೆಲಸ ಒಟ್ಟಿಗೆ ಆಗುತ್ತದೆ, ತಟ್ಟೆ ಒಂದು ಹೆಜ್ಜೆ ತಿರುಗುತ್ತದೆ, ಒಂದು ತುಂಬಿದ ತೋಟಾ ಡಬ್ಬಿಗೆ ಬೀಳುತ್ತದೆ. ಗಂಟೆಗೆ ನಾನೂರು, ಐನೂರು ಎಂದರೆ ಹೆಚ್ಚುಗಾರಿಕೆಯಲ್ಲ.

ಇಷ್ಟು ವೇಗ ಪುಕ್ಕಟೆ ಬರುವುದಿಲ್ಲ. ಸಾಮಾನ್ಯ ಪಿಸ್ತೂಲಿನ ತೋಟಾವೊಂದಕ್ಕೆ ಹಿಡಿಯುವ ಹೊಗೆರಹಿತ ಮದ್ದು ಸುಮಾರು ಐದು ಗ್ರೇನ್, ಅಂದರೆ ಗ್ರಾಮಿನ ಮೂರನೇ ಒಂದು ಭಾಗ. ಚಿಕ್ಕಪೇಟೆಯ ಹಳೆಯ ಚಿನಿವಾರರ ಲೆಕ್ಕದಲ್ಲಿ ಹೇಳುವುದಾದರೆ ಎರಡೂವರೆ ಗುಲಗಂಜಿಗಿಂತ ತುಸು ಹೆಚ್ಚು. ಅಷ್ಟು ಚೂರು ಮದ್ದು ಕವಚದ ತಳದಲ್ಲೆಲ್ಲೋ ಬಿದ್ದಿರುತ್ತದೆ. ಹಲವು ಬಗೆಯ ಕವಚಗಳಲ್ಲಿ ಅದರ ಎರಡರಷ್ಟು ಸುರಿದರೂ ತುಂಬಿ ಚೆಲ್ಲುವುದಿಲ್ಲ. ಎರಡು ಸಲ ಸುರಿದದ್ದಾದರೆ ತೋಟಾ ಕೂರುವ ಕೋವಿಯ ಕೋಣೆಯೇ ಒಡೆಯಬಹುದು. ಒಂದು ಸಲವೂ ಸುರಿಯದೆ ಹೋದರೆ ಅದೂ ಕೇಡೇ: ಬರಿಯ ಕೇಪಿನ ಬಲಕ್ಕೆ ಗುಂಡು ಹೊರಟು ನಳಿಗೆಯ ನಡುವೆ ಸಿಕ್ಕಿಕೊಳ್ಳುತ್ತದೆ, ಸದ್ದು ಸಪ್ಪೆಯಾಗಿದ್ದನ್ನು ಗಮನಿಸದೆ ಇನ್ನೊಂದು ಈಡು ಹೊಡೆದರೆ ನಳಿಗೆ ಸೀಳುತ್ತದೆ. ಸಾದಾ ಪ್ರೆಸ್ಸಿನಲ್ಲಿ ಇದಕ್ಕೊಂದು ಸರಳ ಕಾವಲಿದೆ. ಮದ್ದು ಸುರಿದ ಐವತ್ತು ಕವಚ ಮರದ ಹಲಗೆಯಲ್ಲಿ ಬಾಯಿ ತೆರೆದು ನಿಂತಿರುತ್ತವೆ, ಟಾರ್ಚ್ ಹಾಯಿಸಿದರೆ ಒಂದರ ಮಟ್ಟ ಏರಿದ್ದೂ ಇನ್ನೊಂದರದು ಇಳಿದದ್ದೂ ಥಟ್ಟನೆ ಕಾಣುತ್ತದೆ. ಪ್ರೋಗ್ರೆಸಿವ್ ಯಂತ್ರದಲ್ಲಿ ಆ ಬಾಯಿ ಕಣ್ಣಿಗೆ ಸಿಗುವುದು ಒಂದು ಕ್ಷಣ. ಮುಂದಿನ ಎಳೆತಕ್ಕೆ ಅದರ ಮೇಲೆ ಗುಂಡು ಕೂತಾಗಿರುತ್ತದೆ.

ಕಣ್ಣು ಮಾಡುತ್ತಿದ್ದ ಪರೀಕ್ಷೆಯನ್ನು ಯಂತ್ರ ನುಂಗಿದೆ ಎಂದ ಮೇಲೆ ಆ ಪರೀಕ್ಷೆಯೆಲ್ಲ ಯಂತ್ರವನ್ನು ಇಟ್ಟುಕೊಳ್ಳುವ ರೀತಿಗೆ ಬಂದು ನಿಲ್ಲುತ್ತದೆ. ಹೊಸದಾಗಿ ಜೋಡಿಸುವಾಗ ಮೇಜು ಅಲುಗದಂತೆ ಗೋಡೆಗೆ ಬಿಗಿಯಬೇಕು. ಮೇಜು ಅಲುಗಿದರೆ ಮದ್ದಿನ ಅಳತೆಯೂ ಅಲುಗುತ್ತದೆ. ತಟ್ಟೆಯ ನಡುವಿನ ಬೋಲ್ಟು ಹೆಚ್ಚು ಬಿಗಿದರೆ ತಟ್ಟೆ ತಿರುಗುವುದಿಲ್ಲ, ಸಡಿಲ ಬಿಟ್ಟರೆ ಓರೆಯಾಗಿ ಕೇಪು ಸೊಟ್ಟಗೆ ಕೂರುತ್ತದೆ. ತಟ್ಟೆಯಡಿಗೆ ಸೋರಿದ ನಾಲ್ಕು ಕಾಳು ಮದ್ದೂ ಅದನ್ನೇ ಮಾಡುತ್ತದೆ. ಹಳೆಯ ಕೇಪುಗಳ ಕರಿ ಸಂದುಗೊಂದುಗಳಲ್ಲಿ ಕೂರುತ್ತದೆ, ಅದನ್ನು ಆಗಾಗ ಬಳಿದು ತೆಗೆಯಬೇಕು. ತಿರುಗುವ ಕಡೆ ಗ್ರೀಸು ಬೇಕೇ ಬೇಕು, ಆದರೆ ಕೇಪು ಸಾಗುವ ದಾರಿಗೆ ಎಣ್ಣೆಯ ಪಸೆ ತಾಕಿದರೆ ಕೇಪು ಸತ್ತೇ ಹೋಗಬಹುದು. ಕೆಲಸ ಮುಗಿದ ಮೇಲೆ ಮದ್ದಿನ ಕೊಳವೆಯನ್ನು ಖಾಲಿ ಮಾಡಿ, ಮದ್ದು ಬಂದ ಡಬ್ಬಿಗೇ ವಾಪಸು ಸುರಿಯಬೇಕು. ರಾತ್ರಿ ಅಲ್ಲೇ ಬಿಟ್ಟರೆ ಮರುದಿನ ಅದು ಯಾವ ಮದ್ದು ಎನ್ನುವುದೇ ಗೊಂದಲವಾಗುತ್ತದೆ, ಒಂದು ಮದ್ದಿನ ಅಳತೆ ಇನ್ನೊಂದಕ್ಕೆ ಮಾರಕ. ಮಟ್ಟ ಏರುಪೇರಾದರೆ ಕೂಗಿಕೊಳ್ಳುವ ಸಣ್ಣ ಸಾಧನವೂ ಸಿಗುತ್ತದೆ, ಆದರೆ ಅದೂ ಜೋಡಿಸಿ ಕಾಪಾಡಬೇಕಾದ ಇನ್ನೊಂದು ಭಾಗವೇ. ಹತ್ತಿಪ್ಪತ್ತು ತೋಟಾಕ್ಕೊಮ್ಮೆ ನಿಲ್ಲಿಸಿ ಮದ್ದನ್ನು ತಕ್ಕಡಿಗೆ ಹಾಕಲೇಬೇಕು, ಆ ತಕ್ಕಡಿಯನ್ನೂ ಗೊತ್ತಿದ್ದ ತೂಕದಿಂದ ಪರೀಕ್ಷಿಸುತ್ತಿರಬೇಕು.

ಇಷ್ಟೆಲ್ಲ ಮಾಡಿದರೂ ನಿಜವಾದ ಅಪಾಯ ಕಾದಿರುವುದು ನಡುವೆ ಕೆಲಸ ನಿಂತಾಗ. ಕೇಪು ಸಿಕ್ಕಿಕೊಂಡಿತು, ಹ್ಯಾಂಡಲ್ ಅರ್ಧಕ್ಕೆ ನಿಂತಿತು. ಇಲ್ಲವೇ ಬಾಗಿಲಲ್ಲಿ ಹಾಲಿನವನು ಕೂಗಿದ, ಫೋನು ಬಂತು. ಹಿಂತಿರುಗಿ ಬಂದಾಗ ಮೂರನೆಯ ಕವಚಕ್ಕೆ ಮದ್ದು ಬಿದ್ದಿದೆಯೋ ಇಲ್ಲವೋ? ತಟ್ಟೆ ತಾನೇ ತಿರುಗುವ ಯಂತ್ರದಲ್ಲಿ ಹೆಜ್ಜೆ ತಪ್ಪುವುದು ಕಡಮೆ, ಕೈಯಿಂದ ತಿರುಗಿಸುವುದರಲ್ಲಿ ಮರೆತರೆ ಅದೇ ಕವಚಕ್ಕೆ ಎರಡನೆಯ ಸಲ ಸುರಿಯುತ್ತದೆ. ಪಳಗಿದವರ ನಿಯಮ ಕಟುವಾಗಿದೆ: ಅನುಮಾನ ಬಂದರೆ ತಟ್ಟೆಯ ಮೇಲಿನದೆಲ್ಲ ಕೆಳಗಿಳಿಸು, ಮದ್ದು ಚೆಲ್ಲು, ಮೊದಲಿನಿಂದ ಶುರು ಮಾಡು. ಹೇಳುವಾಗ ಸುಲಭ. ಭಾನುವಾರ ಬೆಳಗ್ಗೆ ಮನೆಮಂದಿಯ ನಡುವೆ, ನಾಳೆಯ ಅಭ್ಯಾಸಕ್ಕೆ ಇನ್ನೂರು ತೋಟಾ ಬೇಕಾಗಿರುವಾಗ, ಆ ನಿಯಮಕ್ಕೆ ಎಷ್ಟು ಜನ ನಿಷ್ಠರಾಗಿ ಉಳಿದಾರು?

ಬೆಂಗಳೂರಿಗೆ ಯಂತ್ರದ ಭಯವೇ ಎಂದು ಇಲ್ಲಿ ಯಾರಾದರೂ ಕೇಳಬಹುದು. ಪೀಣ್ಯದ ಟೂಲ್‌ರೂಮುಗಳಲ್ಲಿ ಪ್ರೋಗ್ರೆಸಿವ್ ಡೈ ಎನ್ನುವ ಮಾತು ದಿನಬಳಕೆಯದು, ತಗಡಿನ ಪಟ್ಟಿ ಒಂದೊಂದೇ ನಿಲ್ದಾಣ ದಾಟುತ್ತ ಕೊನೆಗೆ ಸಿದ್ಧ ಬಿಡಿಭಾಗವಾಗಿ ಬೀಳುವುದನ್ನು ಅಲ್ಲಿ ಮೂರು ಪಾಳಿಯಲ್ಲೂ ನೋಡಬಹುದು. ಕೌಶಲ ಇದೆ, ಒಪ್ಪಿದೆ. ಆದರೆ ಅಲ್ಲಿ ಡೈ ನೋಡಿಕೊಳ್ಳುವುದೇ ಒಬ್ಬರ ಸಂಬಳದ ಕೆಲಸ, ಅಳತೆ ಬರೆಯುವುದಕ್ಕೆ ರಿಜಿಸ್ಟರು, ತಪಾಸಣೆಗೆ ಬೇರೆಯೇ ಕಣ್ಣು. ಕೆಟ್ಟ ತುಂಡು ರಿಜೆಕ್ಟ್ ಡಬ್ಬಿಗೆ ಹೋಗುತ್ತದೆ. ಇಲ್ಲಿ ಕೆಟ್ಟ ತುಂಡು ಹೋಗುವುದು ನಳಿಗೆಗೆ, ಮುಖದ ಮುಂದೆ. ಮನೆಯಲ್ಲಿ ಮಾಡಿದವನೂ ತಪಾಸಿಸುವವನೂ ಸಿಡಿಸುವವನೂ ಒಬ್ಬನೇ. ಜೊತೆಗೆ ಸೀಸ. ಇಂದಿನ ಬಹುಪಾಲು ಕೇಪುಗಳಲ್ಲಿ ಸೀಸದ ಸಂಯುಕ್ತವಿದೆ, ಹಳೆಯ ಕವಚ ಶುಚಿ ಮಾಡುವಾಗ ಏಳುವ ಧೂಳಿನಲ್ಲಿ ಅದು ಬರುತ್ತದೆ. ದೊಡ್ಡವರು ಕೈ ತೊಳೆದಾರು, ನೆಲದ ಮೇಲೆ ತೆವಳುವ ಮಗು ತೊಳೆದೀತೆ? ಸೀಸದ ವಿಷಕ್ಕೆಂದೇ ಒಂದು ರಾಷ್ಟ್ರೀಯ ಕೇಂದ್ರ ಇದೇ ಊರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲಿ ಬೆಳೆದದ್ದನ್ನು ಇಲ್ಲಿ ನೆನೆಯಬೇಕು.

ಈಗ ಕಾನೂನು. 1959ರ ಶಸ್ತ್ರಾಸ್ತ್ರ ಕಾಯ್ದೆಯ 5ನೇ ಸೆಕ್ಷನ್ ಪ್ರಕಾರ ಮದ್ದುಗುಂಡು ತಯಾರಿಸಲು ಪ್ರತ್ಯೇಕ ಪರವಾನಗಿ ಬೇಕು. ಕೋವಿಯ ಲೈಸೆನ್ಸು ಕೊಡುವುದು ಇಟ್ಟುಕೊಳ್ಳುವ ಹಕ್ಕನ್ನು, ಗೊತ್ತುಮಾಡಿದ ಸಂಖ್ಯೆಯ ತೋಟಾ ಕೊಳ್ಳುವ ಹಕ್ಕನ್ನು. ಪರವಾನಗಿಯಿಲ್ಲದ ತಯಾರಿಕೆಗೆ 2019ರ ತಿದ್ದುಪಡಿಯ ನಂತರ ಕನಿಷ್ಠ ಏಳು ವರ್ಷ, ಗರಿಷ್ಠ ಜೀವಾವಧಿ ಸೆರೆ. ಈ ಕಾಯ್ದೆಯ ಅಜ್ಜ 1878ರದು, ವೈಸ್‌ರಾಯ್ ಲಿಟ್ಟನ್ ಕಾಲದ್ದು. ಜನರ ಕೈಯಲ್ಲಿ ಆಯುಧವಿದ್ದರೆ ಎದುರು ಬಿದ್ದಾರು ಎಂಬ ದೊರೆಗಳ ಅಂಜಿಕೆಯಿಂದ ಹುಟ್ಟಿದ್ದು. ಅಂಥ ಮನೆತನದ ಕಾನೂನನ್ನು ಸ್ವತಂತ್ರ ದೇಶ ಯಾಕೆ ತಲೆಮೇಲೆ ಹೊರಬೇಕು ಎನ್ನುವ ಆಕ್ಷೇಪದಲ್ಲಿ ಹುರುಳಿದೆ. ಆದರೆ ಕಾನೂನಿನ ಹುಟ್ಟು ಕೆಟ್ಟದ್ದೆಂದ ಮಾತ್ರಕ್ಕೆ ಅದು ನಿಂತ ಜಾಗ ತಪ್ಪಾಗಬೇಕಿಲ್ಲ. 2023ರ ಅಕ್ಟೋಬರ್ 7ರಂದು ಅತ್ತಿಬೆಲೆಯ ಪಟಾಕಿ ಮಳಿಗೆ ಹೊತ್ತಿ ಹತ್ತಕ್ಕೂ ಹೆಚ್ಚು ಜೀವ ಹೋದಾಗ ಅದಕ್ಕೂ ಲಿಟ್ಟನ್ನಿಗೂ ಸಂಬಂಧವಿರಲಿಲ್ಲ. ಉರಿಯುವ ವಸ್ತು ಜನರ ನಡುವೆ ಕೂತಿತ್ತು, ಅಷ್ಟೆ.

ಅಮೆರಿಕದವರು ದಶಕಗಳಿಂದ ಮನೆಯಲ್ಲೇ ತುಂಬಿಕೊಳ್ಳುತ್ತಿಲ್ಲವೆ? ನಿಜ, ಬಹುಪಾಲು ಜನ ಸುರಕ್ಷಿತವಾಗಿಯೇ. ಅಲ್ಲಿನ ಅಗ್ನಿಸುರಕ್ಷೆಯ ಮಾದರಿ ನಿಯಮ ಒಂದು ವಾಸದ ಮನೆಯಲ್ಲಿ 20 ಪೌಂಡು, ಅಂದರೆ ಸುಮಾರು 9 ಕಿಲೋ ಹೊಗೆರಹಿತ ಮದ್ದನ್ನು ಮೂಲ ಡಬ್ಬಿಯಲ್ಲಿಡಲು ಬಿಡುತ್ತದೆ, ಅದಕ್ಕಿಂತ ಹೆಚ್ಚಾದರೆ ಒಂದಂಗುಲ ದಪ್ಪದ ಹಲಗೆಯ ಬೀರು ಬೇಕು. ಆದರೆ ಆ ಸುರಕ್ಷತೆಯ ಹಿಂದೆ ಅಂಗಳದಾಚೆಯ ಗ್ಯಾರೇಜಿದೆ, ಹೆಸರು ತಿಳಿದ ಕಾರ್ಖಾನೆಯ ಮದ್ದಿದೆ, ಮದ್ದು ಮಾಡುವ ಕಂಪನಿಗಳೇ ಅಚ್ಚು ಹಾಕಿಸಿ ಕೊಡುವ ಅಳತೆಯ ಕೋಷ್ಟಕಗಳಿವೆ. ಯಂತ್ರ ಒಂದನ್ನೇ ಇಲ್ಲಿಗೆ ತಂದರೆ ಉಳಿದವು ಹಡಗಿನಲ್ಲಿ ಬರುವುದಿಲ್ಲ. ಮೂವತ್ತು ನಲವತ್ತರ ಸೈಟಿನಲ್ಲಿ ಕೆಳಗೆ ಬಾಡಿಗೆಯವರು, ಮೇಲೆ ಮಾಲೀಕರು, ಮಾಳಿಗೆಯಲ್ಲಿ ಮದ್ದು. ಬಾಡಿಗೆಯವರನ್ನು ಕೇಳಿದವರಾರು?

ಕ್ರೀಡೆಯ ಮಾತು ತೆಗೆಯುವವರ ವಾದ ಇದಕ್ಕಿಂತ ಗಟ್ಟಿ. ತೋಟಾ ದುಬಾರಿ, ಗುರಿಗಾರಿಕೆ ಬಡವರಿಗೆ ಎಟುಕುವುದಿಲ್ಲ, ತುಂಬಿಕೊಳ್ಳಲು ಬಿಟ್ಟರೆ ಪದಕ ಬಂದಾವು ಎಂದು. ಇದನ್ನು ಲೆಕ್ಕಕ್ಕೆ ಹಚ್ಚಿ ನೋಡಬಹುದು. ಪ್ಯಾರಿಸ್ ಒಲಿಂಪಿಕ್ಸ್‌ವರೆಗೆ ಗುರಿಗಾರಿಕೆಯಲ್ಲಿ ಭಾರತಕ್ಕೆ ಬಂದ ಪದಕ ಏಳು. 2008ರ ಅಭಿನವ್ ಬಿಂದ್ರಾ, 2012ರ ಗಗನ್ ನಾರಂಗ್, 2024ರಲ್ಲಿ ಮನು ಭಾಕರ್ ಒಬ್ಬರೇ ಗೆದ್ದದ್ದು, ಸರಬ್ಜೋತ್ ಸಿಂಗ್ ಜೊತೆಗೂಡಿ ಗೆದ್ದದ್ದು: ನಾಲ್ಕೂ ಗಾಳಿಕೋವಿ, ಗಾಳಿ ಪಿಸ್ತೂಲು, ಮದ್ದಿನ ಪ್ರಶ್ನೆಯೇ ಇಲ್ಲ. 2012ರ ವಿಜಯ್ ಕುಮಾರ್, 2024ರ ಸ್ವಪ್ನಿಲ್ ಕುಸಾಳೆ ಬಳಸಿದ್ದು ಪಾಯಿಂಟ್ ಟೂ ಟೂ ತೋಟಾ. ಅದರಲ್ಲಿ ಕೇಪಿನ ಮದ್ದು ಕವಚದ ಅಂಚಿನೊಳಗೇ ಸವರಿರುತ್ತದೆ, ಸುತ್ತಿಗೆ ಬಡಿದು ಅಂಚು ಜಜ್ಜಿದ ಮೇಲೆ ಈ ಯಂತ್ರಗಳಲ್ಲಿ ತುಂಬಲು ಬರುವುದಿಲ್ಲ. ಉಳಿದದ್ದು 2004ರ ರಾಜ್ಯವರ್ಧನ್ ಸಿಂಗ್ ರಾಠೋಡರ ಬೆಳ್ಳಿ ಒಂದೇ, ಅದು ಹನ್ನೆರಡು ಬೋರಿನ ಚರೆ ತೋಟಾ, ಅದನ್ನು ತುಂಬಬಹುದು. ಏಳರಲ್ಲಿ ಆರಕ್ಕೆ ಈ ಯಂತ್ರ ಸಂಬಂಧವೇ ಇಲ್ಲದ್ದು. ಟ್ರ್ಯಾಪ್, ಸ್ಕೀಟ್ ಆಡುವವರಿಗೆ, ಒಲಿಂಪಿಕ್ಸ್‌ನಲ್ಲಿಲ್ಲದ ಸೆಂಟರ್‌ಫೈರ್ (ಕೇಪು ತಳದ ನಡುವಿರುವ ತೋಟಾದ) ಪಿಸ್ತೂಲಿನವರಿಗೆ ಲಾಭವಿದೆ ಎನ್ನುವುದನ್ನು ಮಾತ್ರ ತಳ್ಳಿಹಾಕಲಾಗದು.

ಕೊಡಗಿನ ಉದಾಹರಣೆಯನ್ನು ಎಳೆದು ತರುವವರಿದ್ದಾರೆ. ಕೊಡವರಿಗೂ ಜಮ್ಮಾ ಭೂಮಿಯವರಿಗೂ ಲೈಸೆನ್ಸಿನಿಂದ ಇರುವ ವಿನಾಯಿತಿ 1861ರಷ್ಟು ಹಳೆಯದು. ಕೇಂದ್ರ ಅದನ್ನು 2019ರಲ್ಲಿ ಹತ್ತು ವರ್ಷಕ್ಕೆ ಮುಂದುವರಿಸಿತು, 2021ರಲ್ಲಿ ಹೈಕೋರ್ಟು ಎತ್ತಿಹಿಡಿಯಿತು. ಕೈಲ್ ಪೊಳ್ದ್ ಹಬ್ಬದ ದಿನ ನಳಿಗೆಗೆ ತೋಕ್ ಪೂ ಸಿಕ್ಕಿಸಿ ಪೂಜೆಗಿಡುವ ಕೋವಿ ಅಲ್ಲಿ ಮನೆಯ ಸದಸ್ಯನಂತೆ. ಸಾವಾದರೆ ಎರಡು ಈಡು ಹೊಡೆದು ಊರಿಗೆ ತಿಳಿಸುತ್ತಾರೆ. ಆದರೆ ಆ ವಿನಾಯಿತಿ ಇಟ್ಟುಕೊಳ್ಳುವುದಕ್ಕೆ, ತಯಾರಿಸುವುದಕ್ಕಲ್ಲ. ಇನ್ನು ಮಲೆನಾಡಿನ ಹಳೆಯ ಕೇಪಿನ ಕೋವಿಯಲ್ಲಿ ಜನ ಮಸಿ ಎನ್ನುವ ಕರಿಮದ್ದನ್ನೂ ಚರೆಯನ್ನೂ ಕೈಯಾರೆ ತುಂಬುತ್ತಿದ್ದರಲ್ಲ ಎಂದರೆ, ಹೌದು, ಅಳತೆಯ ಕೊಳವೆಯಿಂದ ಮಸಿ ಸುರಿದು, ಗಜದಿಂದ ಗಿಡಿದು, ಒಂದು ಈಡಿಗೆ ಒಂದು ಸಲ. ಗಜ ಎಷ್ಟು ಒಳಗಿಳಿಯಿತು ಎನ್ನುವುದರಿಂದಲೇ ತುಂಬಿದ ಕೋವಿಗೆ ಮತ್ತೆ ತುಂಬಿದ್ದು ಗೊತ್ತಾಗುತ್ತಿತ್ತು. ಆ ನಿಧಾನವೇ ಅದರ ಕಾವಲು. ಗಂಟೆಗೆ ಐನೂರರ ಯಂತ್ರದ ಪರವಾಗಿ ಅದನ್ನು ಸಾಕ್ಷಿಗೆ ಕರೆದರೆ ಅದು ಎದುರು ಪಕ್ಷದ ಸಾಕ್ಷಿಯಾಗುತ್ತದೆ.

ಹಾಗೆಂದು ಯಂತ್ರವನ್ನೇ ದೂರಬೇಕಿಲ್ಲ. ಅದಕ್ಕೆ ತಕ್ಕ ಜಾಗ ಗುರಿ ಅಭ್ಯಾಸದ ರೇಂಜು. ಊರಿನಿಂದ ದೂರ, ತಯಾರಿಕೆಯ ಪರವಾನಗಿ ಪಡೆದ ಸಂಸ್ಥೆಯ ಕೋಣೆ. ಮದ್ದು ಒಂದು ಬೀರುವಿನಲ್ಲಿ, ಕೇಪು ಇನ್ನೊಂದು ಕೋಣೆಯಲ್ಲಿ. ಯಂತ್ರಕ್ಕೊಬ್ಬ ಜವಾಬ್ದಾರ, ತಕ್ಕಡಿಗೆ ಇನ್ನೊಬ್ಬ. ಎಷ್ಟು ಕವಚ ಬಂತು, ಎಷ್ಟು ತೋಟಾ ಹೊರಟಿತು ಎನ್ನುವುದಕ್ಕೆ ಪುಸ್ತಕ. ಚರೆ ತೋಟಾದವರೂ ಸೆಂಟರ್‌ಫೈರಿನವರೂ ಅಲ್ಲಿಂದ ಕೊಳ್ಳಬಹುದು, ಪೊಲೀಸರಿಗೂ ಲೆಕ್ಕ ನೋಡಲು ಒಂದೇ ಬಾಗಿಲು. ಖರ್ಚು ಬೀಳುತ್ತದೆ, ಮನೆಯಲ್ಲಿ ತುಂಬಿದಷ್ಟು ಅಗ್ಗವಾಗದು. ಆದರೆ ಆ ಅಗ್ಗದಲ್ಲಿ ಒಂದು ಪಾಲು ಪಕ್ಕದ ಮನೆಯವರ ತಲೆಮೇಲೆ ಹೊರಿಸಿದ್ದು. ಬಿಲ್ಲಿನಲ್ಲಿ ಅದು ಕಾಣುವುದಿಲ್ಲ.