ನಿಮಗಿದು ಗೊತ್ತೆ? ಬಾಟಲಿಯೊಳಗೊಂದು ತೋಟ

ಮೇಜಿನ ಮೇಲೆ, ಪುಸ್ತಕದ ಕಪಾಟಿನಲ್ಲಿ ಅಲಂಕಾರಕ್ಕೆಂದು ಇಡುವ ಗಾಜಿನ ಪುಟ್ಟ ತೋಟಕ್ಕೆ ಟೆರೇರಿಯಂ ಎಂದು ಹೆಸರು. ಇದು ಬೆಳಕಿಗೆ ಬಂದದ್ದು ಆಕಸ್ಮಿಕವಾಗಿ. 1829ರಲ್ಲಿ ಲಂಡನ್ನಿನ ವೈದ್ಯ ನಥಾನಿಯಲ್ ಬ್ಯಾಗ್‌ಶಾ ವಾರ್ಡ್ ಪತಂಗದ ಕೋಶವೊಂದನ್ನು ತೇವದ ಮಣ್ಣಿನೊಂದಿಗೆ ಮುಚ್ಚಿದ ಬಾಟಲಿಯಲ್ಲಿ ಇಟ್ಟಿದ್ದರು. ಆ ಮಣ್ಣಿನಲ್ಲಿ ಜರೀಗಿಡವೂ ಹುಲ್ಲೂ ಮೊಳೆತವು. ನಗರದ ಹೊಗೆಗೆ ಅವರ ಅಂಗಳದ ಜರೀಗಿಡಗಳು ಒಣಗಿಹೋಗಿದ್ದರೆ, ಬಾಟಲಿಯೊಳಗಿನದು ನೀರು ಹಾಕದಿದ್ದರೂ ಸುಮಾರು ನಾಲ್ಕು ವರ್ಷ ಬದುಕಿತು.

ಇದರ ಗುಟ್ಟು ಸರಳ. ಎಲೆ ಮತ್ತು ಮಣ್ಣಿನಿಂದ ಹೊರಟ ಆವಿ ಗಾಜಿಗೆ ತಾಗಿ ಹನಿಗಟ್ಟಿ ಮತ್ತೆ ಮಣ್ಣಿಗೇ ಇಳಿಯುತ್ತದೆ.

1833ರಲ್ಲಿ ಇದೇ ತತ್ವದ ‘ವಾರ್ಡಿಯನ್ ಪೆಟ್ಟಿಗೆ’ಗಳಲ್ಲಿ ಸಸಿಗಳು ಹಡಗೇರಿ, ತಿಂಗಳುಗಟ್ಟಲೆ ಪಯಣಿಸಿ, ಸಿಡ್ನಿಯನ್ನು ಜೀವಂತವಾಗಿ ತಲುಪಿದವು. 1842ರಲ್ಲಿ ವಾರ್ಡ್ ಈ ಬಗ್ಗೆ ಪುಸ್ತಕವನ್ನೂ ಪ್ರಕಟಿಸಿದರು. 1850ರ ಸುಮಾರಿಗೆ ಸಸ್ಯಶಾಸ್ತ್ರಜ್ಞ ರಾಬರ್ಟ್ ಫಾರ್ಚೂನ್ ಚೀನಾದ ಚಹಾ ಸಸಿಗಳನ್ನು ಭಾರತದ ಹಿಮಾಲಯದ ತಪ್ಪಲಿಗೆ ಸಾಗಿಸಿದ್ದೂ ಇಂಥ ಪೆಟ್ಟಿಗೆಗಳಲ್ಲೇ.

ಮನೆಯಲ್ಲಿ ಇದನ್ನು ಬೆಳೆಸುವವರಿಗೆ ಒಂದು ಕಿವಿಮಾತು: ಮುಚ್ಚಳವಿರುವ ಟೆರೇರಿಯಂ ಅನ್ನು ನೇರ ಬಿಸಿಲಿನಲ್ಲಿ ಇಡಬಾರದು. ಒಳಗಿನ ಶಾಖಕ್ಕೆ ಗಿಡ ಬೆಂದುಹೋಗುತ್ತದೆ.