ಕೌಂಟರಾ, ಗೋದಾಮಿನ ಬೀಗದ ಕೈಯಾ?

ನೌಪಾಡಾದ ಗೋಖಲೆ ರೋಡಲ್ಲಿ
ಒಂದು ಫೋಟೋ ಸ್ಟುಡಿಯೋ ಅಂದ್ಕೊಳ್ಳಿ.
ಮೂರು ಕಂಪ್ಯೂಟರು.
ಮದುವೆ ಫೋಟೋಗಳೆಲ್ಲ ಮೂಲೆಯ ಒಂದೇ ಸ್ಟೋರೇಜ್ ಡಬ್ಬಿಯಲ್ಲಿ.
ನಡುವೆ ನೆಟ್‌ವರ್ಕ್ ಕೇಬಲ್ಲು.
ಇವೆಲ್ಲ ಮಾತಾಡೋದು ಯಾವ ಭಾಷೇಲಿ?

ಒಂದು ಭಾಷೆ, ಕಿರಾಣಿ ಅಂಗಡಿ ಥರ.
ಕೌಂಟರ್ ಈಚೆ ನಿಂತು
"ಅರ್ಧ ಕೆಜಿ ತೊಗರಿಬೇಳೆ ಕೊಡಿ" ಅಂತೀರಿ.
ಅದು ಯಾವ ಡಬ್ಬದಲ್ಲಿದೆ?
ಅಂಗಡಿಯವರ ತಲೆನೋವು!
ಹೀಗೆ ಹೆಸರು ಹೇಳಿ ಫೈಲ್ ಕೇಳೋದಕ್ಕೆ
ವಿಂಡೋಸ್ ಕಡೆ ಎಸ್‌ಎಂಬಿ,
ಲಿನಕ್ಸ್ ಕಡೆ ಎನ್‌ಎಫ್‌ಎಸ್.

ಇನ್ನೊಂದು, ಐ-ಸ್ಕಜಿ.
ಇಲ್ಲಿ ಗೋದಾಮಿನ ಬೀಗದ ಕೈನೇ ನಿಮಗೆ.
ಕಂಪ್ಯೂಟರಿಗೆ ಅದು ತನ್ನ ಹೊಟ್ಟೆಯೊಳಗಿನ ಡಿಸ್ಕ್ ಅನ್ಸುತ್ತೆ.
ಡಬ್ಬ ಜೋಡಿಸೋದೂ ಆ ಕಂಪ್ಯೂಟರೇ.
ಇಬ್ಬರು ಒಟ್ಟಿಗೆ ನುಗ್ಗಿ,
ಒಬ್ಬರಿಗೊಬ್ಬರು ಹೇಳದೆ ಜೋಡಿಸಿದ್ರೆ?
ಡೇಟಾ ಕಲಸುಮೇಲೋಗರ.
ಸ್ಟುಡಿಯೋಗೆ ನನ್ನ ಓಟು ಕೌಂಟರಿಗೇ.

ಆದ್ರೆ ಕೌಂಟರಿನ ಚಿಲಕ ನೋಡ್ಕೊಳ್ಳಿ.
2017ರ ಜೂನ್.
ನಮ್ಮ ನವಿ ಮುಂಬಯಿಯ ಜೆಎನ್‌ಪಿಟಿ ಬಂದರು.
ಮೇರ್ಸ್ಕ್ ಗುಂಪಿನ ಟರ್ಮಿನಲ್ಲಿನ ಕಂಪ್ಯೂಟರ್ ವ್ಯವಸ್ಥೆ ನಿಂತೇಹೋಯ್ತು.
ದಾಳಿಯ ಹೆಸರು ನಾಟ್‌ಪೆಟ್ಯಾ.
ಜಗತ್ತಿನ ಎಷ್ಟೋ ಕಂಪನಿಗಳನ್ನ ಕೆಡವಿದ ದಾಳಿ.
ಯಂತ್ರದಿಂದ ಯಂತ್ರಕ್ಕೆ ಹಾರೋಕೆ ಅದು ಹಿಡಿದ ದಾರಿಗಳಲ್ಲಿ ಒಂದು,
ಎಸ್‌ಎಂಬಿಯ ಹಳೇ ಆವೃತ್ತಿಯ ಬಿರುಕು.
ಮೈಕ್ರೋಸಾಫ್ಟ್ ಅದಕ್ಕೆ ಮಾರ್ಚ್‌ನಲ್ಲೇ ತೇಪೆ ಕೊಟ್ಟಿತ್ತು.
ಹಾಕಿಕೊಳ್ಳೋಕೆ ಎಷ್ಟೋ ಜನಕ್ಕೆ ಪುರುಸೊತ್ತೇ ಇರಲಿಲ್ಲ!

ನಿಮ್ಮ ಡಬ್ಬಿಯ ಸೆಟ್ಟಿಂಗ್ಸ್ ತೆಗೀರಿ.
ಎಸ್‌ಎಂಬಿ ಒಂದು, ಅಂದ್ರೆ ಹಳೇದು, ಆನ್ ಇದೆಯಾ?
ಈಗ್ಲೇ ಆಫ್ ಮಾಡಿ.